ಔಷಧಿ ಅಂಗಡಿ ಮೂಲೆ

ಎಡಗೈ ಸೊಂಟಕ್ಕಿಟ್ಟು, ಬಲಗೈಯನ್ನು ಕೆಟಲಿನ ಮೂತಿಯಂತೆ ಮಡಿಸಿ, ಡೆಸ್ಮಂಡ್ ಸ್ಯಾಂಡ್‌ವಿಚ್ಚಿನ ಮೇಜಿನ ಸುತ್ತ ಬಾತುಕೋಳಿಯ ಹಾಗೆ ಓಡುತ್ತಿದ್ದ. ಅಣ್ಣ ಕ್ಲಿಫರ್ಡನನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಬೋಲ್ಟನ್ ಊರಿನ ಪಬ್ಬಿನಲ್ಲಿ ನೆರೆದವರೇ, "ಡೆಸ್, ಒಂದ್ಸಲ ಕ್ಲಿಫ್‌ನ ಮಾಡಿ ತೋರ್ಸೋ ಮಾರಾಯ" ಎಂದು ದುಂಬಾಲು ಬಿದ್ದಿದ್ದರು.

ಹೆಂಡತಿ ಕಿಡ್ನಿ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ, ಬಸ್ ಡ್ರೈವರ್ ಕ್ಲಿಫರ್ಡ್ ವರ್ಷವರ್ಷವೂ ಟೀ ಕೆಟಲಿನ ವೇಷ ತೊಟ್ಟು ಮ್ಯಾರಥಾನ್ ಓಡಿ ಕಿಡ್ನಿ ರೋಗಿಗಳಿಗಾಗಿ ಚಂದಾ ಎತ್ತುತ್ತಿದ್ದ. ಇವತ್ತು ಶವಪೆಟ್ಟಿಗೆಯ ಮೇಲೂ ಹೂವಿರಲಿಲ್ಲ. ಹೂವಿನ ದುಡ್ಡನ್ನು ಹಾಕಲೆಂದು ಚಂದಾ ಡಬ್ಬಿ ಬಾಗಿಲಲ್ಲಿತ್ತು.

"ಹೋದ ವರ್ಷದ್ದು ಮಾಡು. ಬಸ್ ಹತ್ತಿದ್ದು."

ಓಟದಲ್ಲಿ ಹಿಂದೆ ಬಿದ್ದವರನ್ನು ಎತ್ತಿಕೊಂಡು ಬರುವ ಬಸ್ಸು. ಡೆಸ್ಮಂಡ್ ಬಾಗಿಲಲ್ಲಿ ಸಿಕ್ಕಿಕೊಂಡ ಕೆಟಲಾಗಿ ಒದ್ದಾಡಿದ. "ಮೂವತ್ತು ವರ್ಷ ಬಸ್ ಓಡ್ಸಿದ್ದೀನಪ್ಪ, ಟಿಕೆಟ್ ಕೇಳ್ಬೇಡ." ಥೇಟ್ ಕ್ಲಿಫರ್ಡನ ಗೊಗ್ಗರು ದನಿ. ಎಲ್ಲರೂ ನಕ್ಕರು. ಕ್ಲಿಫರ್ಡನ ಜೊತೆ ಓಡುತ್ತಿದ್ದ ಬೆರಿಲ್ ನಗಲಿಲ್ಲ. ಡೆಸ್ಮಂಡನನ್ನು ಕಿಟಕಿಯ ಹತ್ತಿರ ಕರೆದಳು.

"ಸುಸ್ತಾಗಿ ಹತ್ತಿದ ಅಂದ್ಕೊಂಡಿದ್ದೀಯಾ?"

"ಮತ್ತಿನ್ನೇನು?"

"ಕಾಲು ಗಟ್ಟಿಯಾಗೇ ಇತ್ತು. ಔಷಧಿ ಅಂಗಡಿ ಮೂಲೇಲಿ ನಿಂತ್ಬಿಟ್ಟ. 'ನೀನು ನಡಿ, ನಮ್ಮ ಡೆಸ್ ಮಿಠಾಯಿ ತರ್ತಾನೆ' ಅಂದ. ಮುಕ್ಕಾಲು ಗಂಟೆ ಕಾದನಂತೆ. ಆಮೇಲೆ ಬಸ್ಸಿನವರೇ ಹತ್ತಿಸ್ಕೊಂಡು ಹೋದ್ರು."

"ನಂಗೆ ಹೇಳ್ಲೇ ಇಲ್ಲ."

"ಹೇಳ್ಬೇಡ ಅಂತ ನನ್ನ ಹತ್ರಾನೂ ಮಾತು ತಗೊಂಡಿದ್ದ."

*

"ಇಪ್ಪತ್ತೆರಡನೇ ಮೈಲಿ, ಔಷಧಿ ಅಂಗಡಿ ಮೂಲೆ," ಎಂದಿದ್ದ ಕ್ಲಿಫರ್ಡ್, ಹೋದ ವರ್ಷ ಓಟದ ಹಿಂದಿನ ದಿನ, ಎದೆಗೆ ನಂಬರಿನ ಚೀಟಿ ಸಿಕ್ಕಿಸಿಕೊಳ್ಳುತ್ತ. "ಅಲ್ಲಿಗೆ ಬರೋಷ್ಟ್ರಲ್ಲಿ ನಮ್ಮೋರದ್ದೊಂದು ಮುಖ ಬೇಕಾಗುತ್ತೆ ಕಣೋ. ಮೊದಲು, ವೇಷ ಇಲ್ದೆ ಓಡ್ತಿದ್ದಾಗ, ನಿಮ್ಮತ್ತಿಗೆ ನಿಂತಿರ್ತಿದ್ಳು."

"ನಿನ್ನ ವೇಗಕ್ಕೆ ನಾನು ಕ್ರಿಸ್ಮಸ್ಸಿಗೆ ಬಂದ್ರೂ ಆಯ್ತು."

ಮರುದಿನ ಡೆಸ್ಮಂಡ್ ಮಿಠಾಯಿ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು ಪಬ್ಬಿನಲ್ಲಿ ಫುಟ್‌ಬಾಲ್ ನೋಡುತ್ತ ಕೂತ. ಕೆಟಲ್ ಇನ್ನೂ ಕಾದಿರಲ್ಲ ಬಿಡಿ ಎಂದು ಪಕ್ಕದವರನ್ನು ನಗಿಸಿದ. ಎದ್ದು ಮೂಲೆಗೆ ಹೋಗುವಷ್ಟರಲ್ಲಿ ಓಟ ಮುಗಿದು ರಸ್ತೆ ಗುಡಿಸುತ್ತಿದ್ದರು. ಸಂಜೆ, ಅಣ್ಣ ಬಸ್ಸಿನಲ್ಲಿ ಬಂದದ್ದು ತಿಳಿದು, ಯಾರಾದರೂ ಏನಾದರೂ ಕೇಳುವ ಮೊದಲೇ ಬಸ್ ಹತ್ತುವ ಕೆಟಲಿನ ಅಣಕು ಶುರುಮಾಡಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ಕ್ಲಿಫರ್ಡೇ.

*

ನಾಲ್ಕು ಗಂಟೆಗೆ ಡೆಸ್ಮಂಡ್ ಅಂತ್ಯಕ್ರಿಯೆಯ ಕರಿ ಸೂಟಿನಲ್ಲೇ ಔಷಧಿ ಅಂಗಡಿಯ ಮೂಲೆಯಲ್ಲಿ ನಿಂತಿದ್ದ. ಬಸ್ಸೊಂದು ಬಂದು ಬಾಗಿಲು ತೆರೆಯಿತು.

"ಹತ್ತುತ್ತೀರಾ?"

"ಇಲ್ಲ. ಒಬ್ರಿಗೆ ಕಾಯ್ತಿದ್ದೀನಿ."

ಬಸ್ಸು ಹೋಯಿತು. ಅವನು ಜೇಬಿನಿಂದ ಮಿಠಾಯಿ ಪೊಟ್ಟಣ ತೆಗೆದು, ಅದರ ಬಾಯಿ ಹರಿದು, ಓಡುತ್ತ ಬಂದವರ ಕೈಗೆ ಸಿಗುವಂತೆ, ಖಾಲಿ ರಸ್ತೆಯ ಕಡೆಗೆ ಚಾಚಿ ಹಿಡಿದ.