ಹೊಗೆಯ ಬಗ್ಗೆ ಒಂದು ಅರ್ಜಿ

೧
ಹೇಗೆ ಶುರು ಮಾಡಲಿ? "ಕೋತಗಿರಿ ದಾರಿಯ ಒಂದು ಪೇಟೆಯಲ್ಲಿ ನೂರು ವರ್ಷ ಹಳೆಯ ಪಂಚಾಯತಿ ಆಫೀಸು ಇತ್ತು" ಎಂದರೆ ನೀವು ಆಗಲೇ ಆಕಳಿಸುತ್ತೀರಿ. (ಬರೆದೆ, ಹೊಡೆದುಹಾಕಿದೆ.)

ಬೆಂಕಿಯಿಂದ ಶುರು ಮಾಡೋಣ. ಆ ಆಫೀಸಿನ ಗೋಡೆಯಲ್ಲೊಂದು ಬೆಂಕಿಗೂಡಿತ್ತು. ಚಳಿಗೆ ಊರವರು ಯಾವುದೋ ಹಳೆಯ ಅರ್ಜಿ (ಇಲ್ಲಿಯವರ ಬಾಯಲ್ಲಿ ಮನು) ಹಿಡಿದು ಬಂದು, ಕೆಲಸವಿದ್ದವರಂತೆ ಕೂತು ಕೈ ಕಾಯಿಸಿಕೊಳ್ಳುತ್ತಿದ್ದರು. ನಂಜುಂಡನ್ ಒಂದೇ ಮನುವಿನಲ್ಲಿ ಆರು ಚಳಿಗಾಲ ಕಳೆದವನು. ಬೆಂಕಿ ನೋಡಿಕೊಳ್ಳುತ್ತಿದ್ದವಳು ಪಿಯೂನ್ ವಸಂತಾಮಣಿ.

೨
ಕಟ್ಟಡ ಕೆಡವಿ ಎರಡು ವರ್ಷ. ಅಲ್ಲೀಗ ಗಾಜಿನ ಬಾಗಿಲು, ಟೋಕನ್ ಮಶೀನು. ಕೆಲಸ ಬೇಗ ಆಗುತ್ತದೆ; ಅದೇ ತೊಂದರೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ರಿಟೈರಾದ ವಸಂತಾಮಣಿ ದಿನಾ ನಾಲ್ಕಕ್ಕೆ ಎದುರಿನ ಚಹಾ ಅಂಗಡಿಗೆ ಬರುತ್ತಾಳೆ. ಟೀ ಫ್ಯಾಕ್ಟರಿಗೆ ತನ್ನ ತೋಟದ ಎಲೆ ಹಾಕಿ ನಂಜುಂಡನ್ ಬರುತ್ತಾನೆ.

"ಹೊಗೆ ಅಂತ ಮನು ಕೊಟ್ಟನಲ್ಲ, ಅವನ ಕೈ ಬಿದ್ದುಹೋಗಲಿ!" ಎನ್ನುತ್ತಾಳೆ ವಸಂತಾಮಣಿ, ದಿನಾ.

ನಂಜುಂಡನ್ ತಲೆಯಾಡಿಸುತ್ತಾನೆ. ಆ ಮನು ಬರೆದವನು ಅವನೇ. ಚಿಮಣಿ ಸರಿಮಾಡಿ ಎಂದಷ್ಟೇ ಕೇಳಿದ್ದ; ಮೇಲಿನವರು ಅದನ್ನೇ ನೆಪ ಮಾಡಿಕೊಂಡು ಕಟ್ಟಡವನ್ನೇ ಉರುಳಿಸಿದರು. ಹೇಳಿದರೆ ಇವಳ ಜೊತೆ ತಪ್ಪುತ್ತದೆ. ಹೇಳದಿದ್ದರೆ ದಿನಾ ಚಹಾದ ಜೊತೆ ಈ ಶಾಪವನ್ನೂ ಕುಡಿಯಬೇಕು.

(ಇಲ್ಲಿ ಅವನು ಅಳುವಂತೆ ಬರೆಯಬೇಕೆಂದಿದ್ದೆ. "ಅಂಗಡಿಯಲ್ಲಿ ಅಳೋದಾ? ಬೇರೆ ಯಾರನ್ನಾದರೂ ಹಿಡಿ," ಎಂದ ನಂಜುಂಡನ್ ನನಗೆ.)

೩
ಡ್ರಾಫ್ಟ್ ಒಂದು: ಅವನು ಹೇಳದೆಯೇ ಸಾಯುತ್ತಾನೆ.

"ಎರಡು ಪುಟಕ್ಕೇ ಸಾಯಿಸ್ತೀಯಾ? ನಾಳೆ ಎಲೆ ಕೀಳೋದು ಯಾರು, ನೀನಾ?" ಎಂದ ಅವನು.

ಹರಿದೆ. ಡ್ರಾಫ್ಟ್ ಎರಡು: ಹೇಳುತ್ತಾನೆ.

"ಅಕ್ಕಾ, ಆ ಮನು ನಂದು."

ವಸಂತಾಮಣಿ ಗ್ಲಾಸು ಕೆಳಗಿಟ್ಟಳು.

"ಚಿಮಣಿ ರಿಪೇರಿ ಅಂತ ಮಾತ್ರ ಬರೆದೆ, ಅಕ್ಕಾ."

"ಚಿಮಣಿಗೇನಾಗಿತ್ತು?" ಅವಳೆಂದಳು. "ಗಟ್ಟಿಯಾಗೇ ಇತ್ತು. ಒಣ ಸೌದೆ ನಾ ಮನೆಗೆ ಒಯ್ತಿದ್ದೆ. ಆಫೀಸಿಗೆ ಹಸೀದು ಹಾಕ್ತಿದ್ದೆ."

"ಮತ್ತೆ ಎರಡು ವರ್ಷ ನನ್ನ ಕೈಗೆ ಶಾಪ ಹಾಕಿದ್ದು?"

"ನನ್ನ ಕೈಗೆ ನಾನೇ ಹಾಕ್ಕೊಳ್ಳೋಕಾಗುತ್ತಾ, ಅಣ್ಣಾ?"

೪
ನನ್ನಲ್ಲಿ ಮೂರು ಮುಕ್ತಾಯಗಳಿವೆ. ಇಬ್ಬರೂ ನಗುವುದು. ಇಬ್ಬರೂ ಮುಖ ತಿರುಗಿಸುವುದು. ಮೂರನೆಯದರಲ್ಲಿ ಹೊಸ ಆಫೀಸಿನಲ್ಲೂ ಬೆಂಕಿಗೂಡು ಕಟ್ಟುತ್ತಾರೆ; ಅದನ್ನು ನಾನೇ ನಂಬುವುದಿಲ್ಲ. ಯಾವುದು ಬೇಕೆಂದು ಅವರನ್ನೇ ಕೇಳಿದೆ.

"ನೀ ಹೋಗಪ್ಪಾ," ಎಂದಳು ವಸಂತಾಮಣಿ, ನನ್ನ ಕಡೆ ನೋಡದೆಯೇ. "ನಾವು ಜಗಳ ಇನ್ನೂ ಶುರುವೇ ಮಾಡಿಲ್ಲೆ."

ನಂಜುಂಡನ್ ಇನ್ನೆರಡು ಚಹಾ ಹೇಳಿದ. ನನಗೆ ಹೇಳಲಿಲ್ಲ.