ಯಮುನವ್ವನ ಮೂರು ಹೊಲಿಗೆ

ಗಡಿಯಾಚೆ, ಮಹಾರಾಷ್ಟ್ರದ ಗಡಹಿಂಗ್ಲಜದ ಕನ್ನಡ ಶಾಲೆಗೆ ನಾನು ಚಿತ್ರಕಲೆಯ ಶಿಕ್ಷಕಿಯಾಗಿ ಸೇರಿದ್ದು 1979ರಲ್ಲಿ. ಏಳನೇ ಇಯತ್ತೆ, ಅಂದರೆ ಏಳನೇ ತರಗತಿಯ ಮಕ್ಕಳು ಅಲ್ಲಿಯವರೆಗೆ ಎರಡೇ ಚಿತ್ರ ಬರೆಯುತ್ತಿದ್ದರು. ಗುಡ್ಡಗಳ ನಡುವೆ ಸೂರ್ಯ, ಇಲ್ಲವೆ ಕುಂಡದಲ್ಲಿ ಗುಲಾಬಿ. ಅವರಲ್ಲಿ ಯಾರ ಮನೆಯಲ್ಲೂ ಗುಲಾಬಿಯ ಕುಂಡವಿರಲಿಲ್ಲ.

ಜನವರಿಯ ಒಂದು ಶನಿವಾರ ಧೈರ್ಯ ಮಾಡಿ ಹೇಳಿದೆ: "ಸೋಮವಾರ ಮನ್ಯಾಗಿಂದು ಒಂದೊಂದು ವಸ್ತು ತರ್ರಿ. ಅದನ್ನ ನೋಡಿದ್ರ ನೀವು ಯಾರು ಅಂತ ತಿಳೀಬೇಕು. ಅದರ ಚಿತ್ರ ಬರೆಯೋಣು. ಮುಂದಿನ ಶನಿವಾರ ನಿಮ್ಮ ಅವ್ವ ಅಪ್ಪ ಬಂದು ನೋಡ್ಲಿ."

ಮುಖ್ಯಗುರು ಶಂಕರಲಿಂಗ ಗುರುಗಳು ಒಪ್ಪಿದರು. "ಆದ್ರ ಬಾಯಾರ, ಮಂದಿ ನಗೂ ಹಂಗ ಆಗಬಾರ್ದು ನೋಡ್ರಿ" ಎಂದರು. ಆ ಮಾತು ಭಾನುವಾರವಿಡೀ ನನ್ನ ಕಿವಿಯಲ್ಲಿತ್ತು.

ಸೋಮವಾರ ವರ್ಗದೊಳಗೆ ಕಾಲಿಟ್ಟರೆ ಪಾತ್ರೆ ಅಂಗಡಿಗೆ ಬಂದ ಹಾಗಾಯಿತು. ಹೊಳೆಯುವ ಸ್ಟೀಲು, ಒಂದು ಗೋಡೆ ಗಡಿಯಾರ, ಒಂದು ಟ್ರಾನ್ಸಿಸ್ಟರು. ಆ ಟ್ರಾನ್ಸಿಸ್ಟರಿಗಾಗಿ ಅಲಕಾ ಮತ್ತು ಜಿನಪಾಲ ಜಗಳಕ್ಕೆ ನಿಂತಿದ್ದರು.

"ಇದು ನಂದ್ರಿ, ನಾ ಮದಲ ಕೇಳಿ ತಂದೇನಿ!"

"ಸುಳ್ಳರಿ ಬಾಯಾರ! ಪಾಟೀಲರ ಮನ್ಯಾಗ ನನಗ ನಿನ್ನೇನ ಹ್ಞೂಂ ಅಂದಾರ!"

ಆಗ ನನಗೆ ತಿಳಿಯಿತು. ನಾಲ್ಕು ಜನ ನೋಡಲು ಬರುತ್ತಾರೆಂದರೆ ನಮ್ಮ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಒಂದೇ, ಓಣಿಯಲ್ಲಿ ಚೆನ್ನಾಗಿರುವುದನ್ನು ಕೇಳಿ ತರುವುದು. ನನ್ನನ್ನು ನೋಡಲು ಕೊಲ್ಹಾಪುರದವರು ಇಚಲಕರಂಜಿಗೆ ಬಂದಾಗ ನನ್ನ ಅವ್ವನೂ ಹಾಗೆಯೇ ಮಾಡಿದ್ದಳು. ವರನ ತಾಯಿ ಉಪ್ಪಿಟ್ಟು ತಿಂದು ಮುಗಿಸಿ, ತಾಟನ್ನು ಮೆಲ್ಲಗೆ ತಿರುಗಿಸಿ, ಹಿಂದೆ ಕೊರೆದಿದ್ದ ಪಕ್ಕದ ಮನೆಯವರ ಹೆಸರನ್ನು ಗಟ್ಟಿಯಾಗಿ ಓದಿದ್ದರು. ಅಂದಿನಿಂದ ನನಗೆ ಯಾವ ಪಾತ್ರೆ ಕಂಡರೂ ಅದರ ತಳದ ಕಡೆಗೆ ಕಣ್ಣು ಹೋಗುತ್ತದೆ.

ಮೂರನೇ ಬೆಂಚಿನ ಮಾಯವ್ವ ಎರಡೂ ಕೈಯಿಂದ ಒಂದು ಸ್ಟೀಲಿನ ಡಬ್ಬಿ ಹಿಡಿದಿದ್ದಳು. ಕುರಿ ಸಾಕುವವರ ಹುಡುಗಿ. ಅವಳ ಅಪ್ಪ ಸತ್ಯಪ್ಪ ವರ್ಷದಲ್ಲಿ ಎಂಟು ತಿಂಗಳು ಹಿಂಡಿನ ಜೊತೆ ಹೊರಗೆ. ಡಬ್ಬಿಯ ತಳದ ಅಕ್ಷರಗಳು ನನಗೆ ದೂರದಿಂದಲೇ ಕಂಡವು. ಬೇಗ ಹೋಗಿ ಅದನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟುಬಿಡಬೇಕೆಂದು ಹೊರಟೆ. ಭೀಮಗೊಂಡ ನನಗಿಂತ ಚುರುಕು.

"ಏ! ಇದು ನಮ್ಮವ್ವನ ಡಬ್ಬಿ! ನೋಡ್ರಿ, ಬಾಳಕ್ಕ ಅಂತ ಬರದೈತಿ!" ಎಂದು ಎತ್ತಿ ತೋರಿಸಿದ. "ನಿಮ್ಮನ್ಯಾಗ ಏನೂ ಇರ್ಲಿಲ್ಲಂದ್ರ ಒಂದು ಕುರೀನ ಹೊಡ್ಕೊಂಡ ಬರಬೇಕಿತ್ತು!"

ಹಿಂದಿನಿಂದ ಯಾರೋ "ಬ್ಯಾ" ಎಂದರು. ವರ್ಗವೆಲ್ಲ ನಕ್ಕಿತು. ನಾನು ಗದರಿಸಿದೆ, ಆದರೆ ನಗು ಆಗಲೇ ಆಗಿಹೋಗಿತ್ತು. ಮಾಯವ್ವ ಅಳಲಿಲ್ಲ. ಪಾಟಿಚೀಲ ಎತ್ತಿಕೊಂಡು, ತಲೆ ನೆಟ್ಟಗೆ ಹಿಡಿದು ಹೊರಗೆ ನಡೆದಳು. ಡಬ್ಬಿ ಅಲ್ಲೇ ಉಳಿಯಿತು.

ಮಂಗಳವಾರ ಅವಳು ಬರಲಿಲ್ಲ. ಆ ದಿನ ನಾನು ಮಕ್ಕಳಿಗೆ ಹೇಳಿದೆ: "ತಪ್ಪು ನಂದು. ನಾ ಕೇಳಿದ್ದ ಸರಿ ಇರ್ಲಿಲ್ಲ. ಈಗ ಹಿಂಗ ಮಾಡ್ರಿ. ಓಣಿ ಮಂದಿ ಏನು ಬೇಕಂತ ನಿಮ್ಮ ಮನಿ ಬಾಗಿಲಿಗೆ ಬರ್ತಾರ? ಅದನ್ನ ತರ್ರಿ."

ಜಿನಪಾಲ ಮೆಲ್ಲಗೆ ಕೇಳಿದ, "ನಮ್ಮಜ್ಜನ ಉಳುಕಿನ ಎಣ್ಣಿ ಬಾಟ್ಲಿ ನಡೀತೈತೇನ್ರಿ?"

ಬುಧವಾರವೂ ಮಾಯವ್ವ ಇಲ್ಲ. ಏಳನೆಯದರ ಹುಡುಗಿಯರು ಹೀಗೆ ಎರಡು ದಿನ, ನಾಲ್ಕು ದಿನ ಎಂದು ತಪ್ಪಿಸುತ್ತ ಹೋಗಿ ಮತ್ತೆ ಬಾರದೇ ಇದ್ದುದನ್ನು ಹಾಜರಿ ಪುಸ್ತಕದಲ್ಲಿ ನೋಡಿದ್ದೆ. ಶಾಲೆ ಬಿಟ್ಟ ಮೇಲೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಊರ ಅಂಚಿನ ಅವಳ ಮನೆ ಹುಡುಕಿ ಹೋದೆ.

ಅವಳ ಅಜ್ಜಿ ಯಮುನವ್ವ ಅಂಗಳದಲ್ಲಿ ಉಣ್ಣೆ ಹಿಂಜುತ್ತಿದ್ದಳು. ಡಬ್ಬಿ ನೋಡಿ, "ಚಲೋದು ತಾ ಅಂದಾರ ಅಂದ್ಲು ಹುಡುಗಿ. ಚಲೋದಂದ್ರ ಬಾಳಕ್ಕನ ಡಬ್ಬಿನ ಅಲ್ಲೇನ್ರಿ? ನಾನ ಹೋಗಿ ಕೇಳಿ ತಂದೆ" ಎಂದಳು. "ಈಗ ಸಾಲಿ ಒಲ್ಲೆ ಅಂತಾಳ. ಬರೂ ಅಮಾಸಿಗೆ ಅವರಪ್ಪ ಬರ್ತಾನ. ಒಲ್ಲೆ ಅಂದ್ರ ಕುರಿ ಹಿಂದ ನಡಿ ಅಂತಾನ. ನಾ ಏನು ಹೇಳ್ಲಿ?"

"ಯಮುನವ್ವಾರ, ಓಣಿ ಮಂದಿ ನಿಮ್ಮ ಮನೀಗೆ ಏನು ಕೇಳಾಕ ಬರ್ತಾರ?"

ಒಳಗಿನಿಂದ ಮಾಯವ್ವನ ಧ್ವನಿ ಬಂತು. "ಏನೂ ಇಲ್ರಿ. ನಮ್ಮಲ್ಲೆ ಯಾರು ಬರ್ತಾರ!"

ಮುದುಕಿ ಉಣ್ಣೆ ಕೆಳಗಿಟ್ಟು ನಕ್ಕಳು. "ಏ ಹುಚ್ಚವ್ವಾ! ಈ ಓಣ್ಯಾಗ ಲಗ್ನ ನಿಂತ್ರ ಮದಲ ಎಲ್ಲಿ ಬರ್ತಾರ?" ಎದ್ದು ಹೋಗಿ ಒಳಗಿನ ಗಳದ ಮೇಲಿಂದ ಕರಿ ಕಂಬಳಿಯೊಂದನ್ನು ಇಳಿಸಿ ತಂದಳು. ಅವಳು ನೂತದ್ದು, ಸತ್ಯಪ್ಪ ನೇಯ್ದದ್ದು. ಮದುವೆಯಲ್ಲಿ ಗಂಡು ಹೆಣ್ಣು ಕೂಡುವ ಜಾಗದಲ್ಲಿ ಹಾಸಲು ಮಂದಿ ಒಯ್ಯುತ್ತಾರಂತೆ. ಮೂಲೆ ಮಗುಚಿ ತೋರಿಸಿದಳು. ಅಲ್ಲಿ ಕೆಂಪು ದಾರದ ಮೂರು ಹೊಲಿಗೆ. "ಅದಲಿ ಬದಲಿ ಆಗಬಾರ್ದಂತ ಹಾಕೇನಿ. ನನಗ ಬರೂ ಅಕ್ಷರ ಇಷ್ಟ ನೋಡ್ರಿ."

ಮಾಯವ್ವ ಬಾಗಿಲಿಗೆ ಬಂದು ನಿಂತಿದ್ದಳು. "ಕಂಬಳಿ ತಂದ್ರ ಮತ್ತ ನಗ್ತಾರ್ರಿ."

ನಗುವುದಿಲ್ಲ ಎಂದು ನಾನು ಹೇಳಲಿಲ್ಲ. ಅಷ್ಟು ಧೈರ್ಯ ನನಗಿರಲಿಲ್ಲ. "ನಗಬಹುದು. ಆದ್ರ ಕರೀ ಬಣ್ಣದ್ದು ಬರಿಯೂದು ಎಲ್ಲಕ್ಕಿಂತ ಕಷ್ಟ. ವರ್ಗದಾಗ ಯಾರಿಗೂ ಬರೂದಿಲ್ಲ. ನಿನಗ ಬರ್ತೈತೇನು ನೋಡಬೇಕಂತ ನನಗ ಆಸೆ" ಎಂದೆ. ಬಾಳಕ್ಕನ ಡಬ್ಬಿಯನ್ನು ಮರಳುವ ದಾರಿಯಲ್ಲಿ ನಾನೇ ಅವರ ಮನೆಗೆ ಮುಟ್ಟಿಸಿದೆ.

ಗುರುವಾರ ಕಂಬಳಿ ಹೆಗಲ ಮೇಲೆ ಹೊತ್ತು ಮಾಯವ್ವ ಬಂದಳು. ಒಲೆಯ ಇದ್ದಿಲು ತಂದಿದ್ದಳು. ಬೆಳಕಿಗೆ ಹಿಡಿದರೆ ಕಂಬಳಿಯ ಕಪ್ಪು ಒಂದೇ ಕಪ್ಪಲ್ಲ. ಒಂದೆಡೆ ಬೂದಿ, ಒಂದೆಡೆ ಬೆಲ್ಲದ ಬಣ್ಣ. ಅದನ್ನು ನಾನು ಹೇಳಿಕೊಡಲಿಲ್ಲ, ಅವಳೇ ಕಂಡಳು. ಬೆರಳಿನಿಂದ ತಿಕ್ಕಿ ತಿಕ್ಕಿ ಎರಡು ದಿನ ಬರೆದಳು. ಕೊನೆಗೆ ಕುಂಕುಮಕ್ಕೆ ನೀರು ಹಾಕಿ, ಕಡ್ಡಿಯ ತುದಿಯಿಂದ ಮೂಲೆಯಲ್ಲಿ ಮೂರು ಗೆರೆ ಎಳೆದಳು.

ಶನಿವಾರ ವಸ್ತುಗಳನ್ನು ಸಾಲಾಗಿ ಇಟ್ಟು, ಅವುಗಳ ಚಿತ್ರಗಳನ್ನು ಹಿಂದಿನ ಗೋಡೆಗೆ ಹಚ್ಚಿದೆವು. ಜಿನಪಾಲನ ಎಣ್ಣೆ ಬಾಟಲಿ, ಅಲಕಾಳ ಮನೆಯ ಚಕ್ಕಲಿ ಒತ್ತು, ಭೀಮಗೊಂಡನ ಹನ್ನೆರಡು ಮೆಟ್ಟಿಲಿನ ಏಣಿ. ಏಣಿ ಬಾಗಿಲಲ್ಲಿ ತೂರದೆ ಕಿಟಕಿಯಿಂದ ಬಂತು. ಕೊನೆಯ ಮೇಜಿನ ಮೇಲೆ ಕಂಬಳಿ, ಪಕ್ಕದಲ್ಲಿ ಮಾಯವ್ವ.

ಬಾಳಕ್ಕ ಬಂದವಳೇ ಏಣಿ ನೋಡಿ ನಕ್ಕಳು. "ಅಯ್ಯವ್ವಾ! ಮನ್ಯಾಗ ಎರಡ ದಿನ ಹುಡುಕಾಕತ್ತೇನಿ ಇದನ್ನ!" ಆಮೇಲೆ ಕಂಬಳಿಯ ಹತ್ತಿರ ನಿಂತಳು. ಕೈ ಚಾಚಿ ಅದರ ಮೂಲೆ ಹಿಡಿದು ಮಗುಚಿದಳು. ಕೊಲ್ಹಾಪುರದ ಆ ಹೆಂಗಸಿನ ಕೈಯಲ್ಲಿ ತಾಟು ತಿರುಗಿದ್ದು ಹೀಗೆಯೇ.

"ಮೂರು ಹೊಲಿಗಿ" ಎಂದಳು ಬಾಳಕ್ಕ. "ಯಮುನವ್ವಂದು!" ಮತ್ತೆ ಮಗನ ಕಡೆ ತಿರುಗಿದಳು. "ಏ ಭೀಮ್ಯಾ, ಬಾ ಇಲ್ಲೆ. ನಾನೂ ನಿಮ್ಮಪ್ಪನೂ ಇದರ ಮ್ಯಾಲ ಕುಂತ ಅಕ್ಕಿಕಾಳು ಹಾಕಿಸ್ಕೊಂಡೇವಿ. ಇದ ಹಾಸದ ನಿಮ್ಮಜ್ಜ ಲಗ್ನಾನ ಸುರು ಮಾಡಿಸಿರ್ಲಿಲ್ಲ."

ಭೀಮಗೊಂಡ ಕಂಬಳಿ ನೋಡಿದ, ಚಿತ್ರ ನೋಡಿದ, ನೆಲ ನೋಡಿದ.

"ಈ ಚೈತ್ರದಾಗ ನಮ್ಮ ಹುಡುಗಿ ಲಗ್ನಕ್ಕೂ ಇದ ಬೇಕವಾ. ನಿಮ್ಮಜ್ಜಿಗೆ ಕೇಳಬೇಕು" ಎಂದಳು ಬಾಳಕ್ಕ.

ಮಾಯವ್ವ ತಲೆ ಎತ್ತಿದಳು. "ನನಗ ಕೇಳ್ರಿ ಅತ್ತಿ. ಕೊಡ್ತೇನಿ. ಆದ್ರ ಒಯ್ಯಾಕ ಭೀಮಗೊಂಡನ ಬರಬೇಕು. ಹೆಗಲ ಮ್ಯಾಲ ಹೊತ್ಕೊಂಡ ಹೋಗ್ಬೇಕು."

ಮತ್ತೆ ವರ್ಗವೆಲ್ಲ ನಕ್ಕಿತು. ಭೀಮಗೊಂಡನೂ ನಕ್ಕ. ಶಂಕರಲಿಂಗ ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡರು.

ಅಮಾವಾಸ್ಯೆಯ ಮರುದಿನ ಸತ್ಯಪ್ಪ ಶಾಲೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಗೋಡೆಯ ಮೇಲೆ ಇನ್ನೂ ಇದ್ದ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಅದರ ಮೂಲೆ ಹಿಡಿದು ಮೆಲ್ಲಗೆ ಎತ್ತಿ, ಹಿಂದೆ ಏನಿದೆಯೆಂದು ಬಗ್ಗಿ ನೋಡಿದ.

"ಅಪ್ಪಾ, ಅದು ಕಾಗದ!" ಎಂದಳು ಮಾಯವ್ವ.

"ಹೌದಲ್ಲ" ಎಂದ. ಕಾಗದವನ್ನು ಅಂಗೈಯಿಂದ ಸವರಿ ಮತ್ತೆ ಗೋಡೆಗೆ ಕೂಡಿಸಿದ. ಬೆರಳಿಗೆ ಹತ್ತಿದ ಇದ್ದಿಲನ್ನು ಒರೆಸಿಕೊಳ್ಳದೆ ನನ್ನತ್ತ ತಿರುಗಿ ಕೇಳಿದ:

"ಬಾಯಾರ, ಎಂಟನೇದಕ್ಕ ಹೆಸರು ಯಾವಾಗ ಹಚ್ಚೂದ್ರಿ?"