ಕುಣಿಗಲ್ ಕೂಗು

"ದೇವ್ರು ಕೊಟ್ಟ ಗಂಟ್ಲು ಕಣೋ ಇದು. ದೇವ್ರ ಕೆಲ್ಸಕ್ಕೇ ಬರ್ಬೇಕು. ಮಾತು ಕೊಡು."

ಸಾಯುವ ಮುಂಚೆ ರಾಹೇಲಮ್ಮ ಮಗನ ಕೈ ಹಿಡಿದು ಕೇಳಿದ್ದಳು. ಸಮಾಧಾನಪ್ಪ ಮಾತು ಕೊಟ್ಟಿದ್ದ. ಆಗ ಅವನಿಗೆ ಇನ್ನೂ ಮೀಸೆ ಮೂಡುತ್ತಿತ್ತು. ಈಗ ಅವನ ಮಗಳೇ ಹೈಸ್ಕೂಲಿಗೆ ಹೋಗುತ್ತಾಳೆ.

ಗಂಟಲು ಮಾತ್ರ ತುಮಕೂರಿನ ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ ಸವೆಯುತ್ತಿತ್ತು. "ಗುಬ್ಬಿ ಗುಬ್ಬಿ ಗುಬ್ಬೀ! ಕುಣಿಗಲ್ ಕುಣಿಗಲ್ ಕುಣೀಗಲ್!" ಎಂದು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವುದು ಅವನ ಕೆಲಸ. "ಹೆಸ್ರು ಸಮಾಧಾನ, ಬಾಯಿ ಲಾರಿ ಹಾರನ್ನು" ಎಂದು ಬಸ್ ಏಜೆಂಟ್ ಹೊನ್ನಯ್ಯ ನಗುತ್ತಿದ್ದ.

ಚರ್ಚಿನಲ್ಲಿ ಹಾಡು ಕಲಿಸುವ ಎಡ್ವಿನ್ ಮಾಸ್ತರರು ನಗುತ್ತಿರಲಿಲ್ಲ. "ಆರಾಧನೆ ಬಸ್ ಸ್ಟ್ಯಾಂಡಲ್ಲ ಸಮಾಧಾನ. ನೀನು ಬಾಯಿ ತೆಗೆದರೆ ಮಿಕ್ಕವರ ಸ್ವರವೇ ಕೇಳಲ್ಲ" ಎಂದು ವರ್ಷಗಟ್ಟಲೆ ಅವನನ್ನು ಹಿಂದಿನ ಬೆಂಚಿಗೆ ಕಳಿಸಿದ್ದರು. ೧೯೯೮ರಲ್ಲಿ ಒಳ್ಳೆಯ ಹಾಡುಗಾರರೊಬ್ಬರು ಬೇರೆ ಊರಿಗೆ ವರ್ಗವಾದರು. ಶುಭ ಶುಕ್ರವಾರದ ಮಧ್ಯಾಹ್ನ ಒಬ್ಬರೇ ನಿಂತು ಹಾಡಬೇಕಾದ ಹಾಡು ಸಮಾಧಾನಪ್ಪನ ಪಾಲಿಗೆ ಬಂತು.

"ಅಭ್ಯಾಸ ಮಾಡಿ ಮಾಡಿ ಗಂಟಲು ಆಗಲೇ ಹುಣ್ಣಾಗಿದೆ. ಅವತ್ತು ಬೆಳಿಗ್ಗೆ ಒಂದು ಕೂಗೂ ಕೂಗಬೇಡ" ಎಂದು ಮಾಸ್ತರರು ಎಚ್ಚರಿಸಿದ್ದರು.

ಹೊನ್ನಯ್ಯ ರಜೆ ಕೊಡಲಿಲ್ಲ. ಸಮಾಧಾನಪ್ಪ ಕತ್ತಿಗೆ ಮಫ್ಲರ್ ಸುತ್ತಿ, ನಾಲಿಗೆಯಡಿ ಶುಂಠಿ ಇಟ್ಟುಕೊಂಡು, ಬಸ್ಸಿನ ತಗಡು ತಟ್ಟುತ್ತ ಕೈಸನ್ನೆಯಲ್ಲೇ ಜನರನ್ನು ಹತ್ತಿಸುತ್ತಿದ್ದ.

"ಏನ್ಲಾ, ಕೋಲೆಬಸವನ ಥರ ಕತ್ತು ಆಡಿಸ್ತೀಯ?" ಎಂದ ಹೊನ್ನಯ್ಯ.

"ಇವತ್ತು ದೇವ್ರ ಸೇವೆ ಐತಣ್ಣ" ಎಂದು ಪಿಸುಗುಟ್ಟಿದ.

"ಹಂಗಾರೆ ದಿನಾ ಮಾಡೋದು ಯಾರ ಸೇವೆ? ನಂದಾ?"

ಸಮಾಧಾನಪ್ಪ ಉತ್ತರಿಸುವ ಮೊದಲೇ ಮುದುಕಿಯೊಬ್ಬಳ ಚೀರಾಟ ಕೇಳಿತು. ಕುಣಿಗಲ್ಲಿನ ಮಗಳ ಮನೆಗೆ ಆಗಾಗ ಹೋಗುವ ಜೈನಬ್ ಬೀ ಬುರ್ಖಾದ ಅಂಚು ನೆಲಕ್ಕೆ ಎಳೆಯುತ್ತ ಓಡಿ ಬಂದಳು.

"ನನ್ನ ಮೊಮ್ಮಗಳು! ಸೈಮಾ! ಈಗ ಇಲ್ಲೇ ಇತ್ತು, ಅಲ್ಲಾ! ಯಾವ ಬಸ್ಸು ಅಂತ ಕೇಳಾಕೆ ಹೋದೆ, ಕೈ ಬಿಟ್ಬುಟ್ಟೈತೆ! ಬೋರ್ಡು ಓದಾಕೆ ನನಗೆಲ್ಲಿ ಬರ್ತದೆ? ದಿನಾ ನೀನು ಕೂಗ್ತೀಯಲ್ಲಪ್ಪ, ಅದನ್ನ ಕೇಳ್ಕಂಡೇ ಹತ್ತೋದು ನಾನು. ಇವತ್ತು ಯಾಕೆ ಬಾಯಿ ಮುಚ್ಕಂಡಿದೀಯ?"

ಮೂರು ಬಸ್ಸುಗಳು ಒಂದರ ಹಿಂದೊಂದು ಗೇಟಿನ ಕಡೆ ತಿರುಗುತ್ತಿದ್ದವು. ಮಗು ಯಾವುದಾದರೂ ಒಂದರೊಳಗಿದ್ದರೆ, ಇನ್ನೊಂದು ಗಳಿಗೆಯಲ್ಲಿ ಯಾವ ದಾರಿ ಹಿಡಿದು ಹೋಗುತ್ತದೋ. ಸಮಾಧಾನಪ್ಪನ ಕೈ ಮಫ್ಲರಿನ ಮೇಲೆ ಹೋಯಿತು. ಈಗ ಕೂಗಿದರೆ ಹಾಡು ಹೋಯಿತು. ಅವ್ವನ ಮುಖ ಕಣ್ಣ ಮುಂದೆ ಬಂತು.

ಶುಂಠಿ ಉಗಿದ.

"ಸೈಮಾ! ಸೈಮಾ! ಸೈಮಾ!"

"ಅದ್ಯಾವೂರಪ್ಪ ಸೈಮಾ? ಊರ್ಡಿಗೆರೆ ಮೇಲೆ ಹೋಗ್ತದಾ?" ಎಂದು ಮೂಟೆ ಹೊತ್ತವನೊಬ್ಬ ಅಡ್ಡ ಬಂದ. ಅವನನ್ನು ಸರಿಸಿ ಸಮಾಧಾನಪ್ಪ ಮತ್ತೆ ಮತ್ತೆ ಕೂಗಿದ. ಉತ್ತರವಿಲ್ಲ. ಮೊದಲ ಬಸ್ಸು ಗೇಟು ದಾಟಿತು.

ಜೈನಬ್ ಬೀ ಎದೆ ಎದೆ ಬಡಿದುಕೊಂಡಳು. "ಯಾರಾನಾ ಹೆಸರಿಡ್ದು ಕರೆದ್ರೆ ಓ ಅನ್ಬೇಡ ಅಂತ ನಾನೇ ಹೇಳ್ಕೊಟ್ಟಿವ್ನಿ! ಮಾಮ ಕುಣಿಗಲ್ ಅಂತ ಕೂಗ್ತಾರೆ, ಆ ಬಸ್ಸಿಗೇ ಹತ್ಬೇಕು ಅಂದಿದ್ದೆ..."

ಸಮಾಧಾನಪ್ಪ ಗೇಟಿನ ಕಡೆ ಓಡಿದ. ಓಡುತ್ತಲೇ ಎದೆ ತುಂಬ ಉಸಿರು ಎಳೆದುಕೊಂಡ.

"ಕುಣಿಗಲ್ ಕುಣಿಗಲ್ ಕುಣೀಗಲ್!"

ಎಂಜಿನ್ನುಗಳ ಗದ್ದಲವನ್ನು ಸೀಳಿಕೊಂಡು ಹೋಯಿತು ಆ ಕೂಗು. ಇನ್ನೊಮ್ಮೆ ಕೂಗಿದ. ಮೂರನೆಯ ಸಲ ಗಂಟಲೊಳಗೆ ಏನೋ ಹರಿದಂತಾಗಿ ಸ್ವರ ಒಡೆಯಿತು. ಆಗ ಗೇಟಿನಲ್ಲಿದ್ದ ಗುಬ್ಬಿ ಬಸ್ಸಿನೊಳಗಿಂದ ಪುಟ್ಟ ದನಿಯೊಂದು ಚೀರಿತು. "ನಿಲ್ಸಿ! ಇದಲ್ಲ! ಮಾಮ ಅಲ್ಲಿ ಕೂಗ್ತವ್ರೆ!"

ಡ್ರೈವರ್ ಬ್ರೇಕ್ ಹಾಕಿದ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸೈಮಾ ಇಳಿದಳು. ಜೈನಬ್ ಬೀ ಮೊಮ್ಮಗಳ ಬೆನ್ನಿಗೆ ಎರಡು ಗುದ್ದಿ, ತಬ್ಬಿಕೊಂಡು ಅತ್ತಳು. ಸಮಾಧಾನಪ್ಪ ಇಬ್ಬರನ್ನೂ ಕುಣಿಗಲ್ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ ಚರ್ಚಿಗೆ ಹೊರಟ.

"ಎಲ್ಲಿ, ಒಂದು ಸಾಲು ಹಾಡು ನೋಡೋಣ" ಎಂದರು ಎಡ್ವಿನ್ ಮಾಸ್ತರರು. ಬಾಯಿಂದ ಬರೀ ಗಾಳಿ ಬಂತು. ಮಾಸ್ತರರ ಮುಖ ಕೆಂಪಾಯಿತು. "ಕೂಗಿದೆ, ಅಲ್ವಾ? ಇದೊಂದು ದಿನ, ಒಂದೇ ಒಂದು ದಿನ ದೇವರಿಗೆ ಅಂತ ಇಟ್ಕೊಳೋಕೆ ಆಗ್ಲಿಲ್ವಾ ನಿನಗೆ?"

"ಮಗು... ಕಳೆದೋಗಿತ್ತು ಸಾರ್."

ಮಾಸ್ತರರು ಕೈಯಲ್ಲಿದ್ದ ಹಾಡಿನ ಪುಸ್ತಕ ಮುಚ್ಚಿದರು. "ಸಿಕ್ತಾ?"

ಸಮಾಧಾನಪ್ಪ ತಲೆಯಾಡಿಸಿದ. ಹಾಗೆಯೇ ಹಿಂದಿನ ಬೆಂಚಿನ ಕಡೆ ತಿರುಗಿದವನ ತೋಳನ್ನು ಮಾಸ್ತರರು ಹಿಡಿದುಕೊಂಡರು. "ಅಲ್ಲಿಗ್ಯಾಕೆ ಹೋಗ್ತೀಯ? ಮುಂದೆ ಕೂತ್ಕೊ" ಎಂದು ಗಾಯಕರ ಸಾಲಿನಲ್ಲೇ ಅವನನ್ನು ಕೂರಿಸಿ, ಆ ಹಾಡನ್ನು ತಾವೇ ಹಾಡಿದರು.

ಸಮಾಧಾನಪ್ಪ ಅವತ್ತು ಹಾಡಲಿಲ್ಲ. ಆಮೇಲೂ ಚರ್ಚಿನಲ್ಲಿ ಒಬ್ಬನೇ ನಿಂತು ಹಾಡಲಿಲ್ಲ. ಆದರೂ ಅವ್ವನಿಗೆ ಕೊಟ್ಟ ಮಾತು ಬಸ್ ಸ್ಟ್ಯಾಂಡಿನ ಆ ಕೂಗಿನಲ್ಲೇ ನಡೆಯಿತು.